ಪಿಸ್ಟನ್ನಿನ ಕೆಳಗೂ ಕೆಲಸ ನಡೆಯುತ್ತದೆ: ಹಳೆ ಜಾವಾ, ಯೆಜ್ಡಿ ಎಂಜಿನ್ ಬಗ್ಗೆ ನಿಮ್ಮ ಪ್ರಶ್ನೆಗಳು

ಹಳೆ ಬೈಕಿನ ಎಂಜಿನ್ ಬಗ್ಗೆ ಏನು ಬೇಕಾದರೂ ಕೇಳಿ ಅಂದಿದ್ದೆ. ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಎಂಜಿನ್ನಿನದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ತಯಾರಾಗಿ, 1973ರ ನಂತರ ಯೆಜ್ಡಿ ಹೆಸರಲ್ಲಿ ಮುಂದುವರಿದು, 1996ರಲ್ಲಿ ಕಾರ್ಖಾನೆ ಮುಚ್ಚುವವರೆಗೂ ಬಂದ 250 ಸಿಸಿಯ ಟೂ ಸ್ಟ್ರೋಕ್. ನನಗೂ ಚೆನ್ನಾಗಿ ಗೊತ್ತಿರುವುದು ಅದೇ. ಹಾಗಾಗಿ ಈ ಸಲ ಪೂರ್ತಿ ಅದಕ್ಕೇ ಮೀಸಲು.

ಅಪ್ಪನ ಯೆಜ್ಡಿ ಮನೆಯಲ್ಲಿದೆ. ಮೆಕ್ಯಾನಿಕ್ ಎಂಜಿನ್ ಬಿಚ್ಚಿದಾಗ ಪಕ್ಕದಲ್ಲೇ ನಿಂತು ನೋಡಿದೆ. ಒಳಗೆ ಒಂದೂ ವಾಲ್ವ್ ಇಲ್ಲ! ಹಾಗಾದರೆ ಪೆಟ್ರೋಲ್ ಒಳಗೆ ಹೋಗುವುದು, ಹೊಗೆ ಹೊರಗೆ ಬರುವುದು ಹೇಗೆ?
– ಮೈಸೂರಿನ ಓದುಗರು

ನೀವು ನೋಡಿದ್ದು ಸರಿ. ಹಳೆ ಬುಲೆಟ್ ಆಗಿದ್ದರೆ ಹೆಡ್ಡಿನಲ್ಲಿ ಎರಡು ವಾಲ್ವ್, ಅವನ್ನು ಎತ್ತಿ ಇಳಿಸಲು ಕ್ಯಾಮ್, ಪುಶ್ ರಾಡ್, ಸ್ಪ್ರಿಂಗ್ ಅಂತ ಒಂದು ಸಂಸಾರವೇ ಇರುತ್ತಿತ್ತು. ಇದರಲ್ಲಿ ಹೆಡ್ ಅಂದರೆ ಪ್ಲಗ್ ಕೂರಲು ತೂತಿರುವ ಒಂದು ಮುಚ್ಚಳ, ಅಷ್ಟೇ. ಬಾಗಿಲುಗಳೆಲ್ಲ ಬ್ಲಾಕಿನ, ಅಂದರೆ ಪಿಸ್ಟನ್ ಮೇಲೆ ಕೆಳಗೆ ಓಡಾಡುವ ಕೊಳವೆಯ, ಗೋಡೆಯಲ್ಲೇ ಇವೆ. ಅವನ್ನು ತೆಗೆಯುವುದೂ ಮುಚ್ಚುವುದೂ ಪಿಸ್ಟನ್ನೇ.

ಮುಂದಿನ ಸಲ ಬ್ಲಾಕ್ ಕೈಗೆ ಸಿಕ್ಕರೆ ಬೆಳಕಿಗೆ ಹಿಡಿದು ಒಳಗೆ ನೋಡಿ. 65 ಮಿಲಿಮೀಟರ್ ಅಗಲದ ನುಣ್ಣನೆಯ ಕೊಳವೆ. ಹಿಂದುಗಡೆ ಕೆಳಗೆ ಒಂದು ಕಿಟಕಿ, ಅದು ಕಾರ್ಬೊರೇಟರ್ ಕಡೆಯದು. ಮುಂದುಗಡೆ ಸ್ವಲ್ಪ ಮೇಲೆ ಎರಡು ಕಿಟಕಿ, ಕಪ್ಪಗೆ ಮಸಿ ಹಿಡಿದಿರುತ್ತವೆ, ಅವು ಹೊಗೆಯವು. ಎಡಕ್ಕೂ ಬಲಕ್ಕೂ ಇನ್ನೆರಡು ಇವೆ. ಇವು ಹೊರಗೆ ಹೋಗುವುದಿಲ್ಲ, ಕೆಳಗಿನ ಕ್ರ್ಯಾಂಕ್ ಕೇಸಿನಿಂದ ಮೇಲಕ್ಕೆ ಬರುವ ದಾರಿಗಳು. ಇಡೀ ಎಂಜಿನ್ನಿನ ಗುಟ್ಟು ಇವೆರಡರಲ್ಲಿದೆ.

ಕಮ್ಮಾರನ ಕುಲುಮೆಯ ತಿದಿ ನೋಡಿದ್ದೀರಲ್ವಾ? ಎಳೆದರೆ ಗಾಳಿ ತುಂಬಿಕೊಳ್ಳುತ್ತದೆ, ಒತ್ತಿದರೆ ಬುಸ್ಸೆಂದು ಬೆಂಕಿಗೆ ಹೋಗುತ್ತದೆ. ಪಿಸ್ಟನ್ನಿನ ಕೆಳಗಿರುವ ಕ್ರ್ಯಾಂಕ್ ಕೇಸ್ ಕೂಡ ಹಾಗೆಯೇ, ಎಲ್ಲೂ ಗಾಳಿ ಸೋರದ ಹಾಗೆ ಮುಚ್ಚಿದ ಒಂದು ಡಬ್ಬಿ. ಪಿಸ್ಟನ್ ಮೇಲೆ ಹೋದಾಗ ಡಬ್ಬಿಯೊಳಗೆ ಜಾಗ ಹೆಚ್ಚಾಗಿ ಅದು ಹೀರತೊಡಗುತ್ತದೆ. ಅಷ್ಟರಲ್ಲಿ ಪಿಸ್ಟನ್ನಿನ ಕೆಳಅಂಚು ಹಿಂದಿನ ಕಿಟಕಿಯನ್ನು ದಾಟುತ್ತದೆ, ಕಾರ್ಬೊರೇಟರಿನಿಂದ ಪೆಟ್ರೋಲ್ ಬೆರೆತ ಗಾಳಿ ಒಳಗೆ ನುಗ್ಗುತ್ತದೆ. ಇದೇ ಹೊತ್ತಿಗೆ ಪಿಸ್ಟನ್ನಿನ ತಲೆಯ ಮೇಲೆ ಹೋದ ಸುತ್ತಿನಲ್ಲಿ ಬಂದ ಮಿಶ್ರಣ ಒತ್ತಿಸಿಕೊಳ್ಳುತ್ತಿರುತ್ತದೆ. ಪಿಸ್ಟನ್ ತುತ್ತತುದಿಗೆ ಬರಲು ಸುಮಾರು 3 ಮಿಲಿಮೀಟರ್ ಇರುವಾಗಲೇ ಪ್ಲಗ್ ಕಿಡಿ ಹಾರಿಸುತ್ತದೆ. ಮೊದಲೇ ಯಾಕೆ? ಉರಿ ಹರಡಲು ಒಂದಿಷ್ಟು ಹೊತ್ತು ಬೇಕು, ಪಿಸ್ಟನ್ ಕಾಯುವುದಿಲ್ಲ.

ಈಗ ಪಿಸ್ಟನ್ ಕೆಳಗೆ ಒದೆಸಿಕೊಂಡು ಬರುತ್ತದೆ. ಬರುವಾಗ ಹಿಂದಿನ ಕಿಟಕಿ ಮುಚ್ಚಿ, ಡಬ್ಬಿಯಲ್ಲಿರುವ ಮಿಶ್ರಣವನ್ನು ತಿದಿಯ ಹಾಗೆ ಅದುಮುತ್ತದೆ. ಪಿಸ್ಟನ್ನಿನ ಮೇಲಂಚು ಮೊದಲು ಮುಂದಿನ ಕಿಟಕಿಗಳನ್ನು ತೆರೆಯುತ್ತದೆ, ಹೊಗೆ ಹೊರಗೆ ಹಾರುತ್ತದೆ. ಇನ್ನೊಂಚೂರು ಇಳಿದರೆ ಪಕ್ಕದ ಕಿಟಕಿಗಳೂ ತೆರೆಯುತ್ತವೆ, ಅದುಮಿಸಿಕೊಂಡಿದ್ದ ಹೊಸ ಮಿಶ್ರಣ ಮೇಲೆ ಚಿಮ್ಮುತ್ತದೆ. ಎರಡೂ ಒಟ್ಟಿಗೆ ತೆರೆದಿದ್ದರೆ ಹೊಸದು ನೇರ ಹೊಗೆಯ ದಾರಿಗೇ ಹೋಗಿಬಿಡುವುದಿಲ್ಲವೇ ಅಂತ ನಿಮಗೆ ಅನ್ನಿಸಬೇಕು. ಪಕ್ಕದ ಕಿಟಕಿಗಳನ್ನು ಹಿಂದಕ್ಕೆ ವಾಲಿಸಿ ಕೊರೆದಿರುವುದು ಅದಕ್ಕೇ. ಮಿಶ್ರಣ ಹಿಂಗೋಡೆಗೆ ಬಡಿದು, ಮೇಲೆ ಹತ್ತಿ, ಹೆಡ್ಡಿನ ಕೆಳಗೆ ತಿರುಗಿ, ಮುಂದಿನಿಂದ ಇಳಿಯುತ್ತಾ ಹೊಗೆಯನ್ನು ಗುಡಿಸಿ ಹೊರಗೆ ತಳ್ಳುತ್ತದೆ. ಈ ಉಪಾಯ 1920ರ ದಶಕದಲ್ಲಿ ಜರ್ಮನಿಯ ಅಡಾಲ್ಫ್ ಶ್ನೂರ್ಲೆ ಅವರಿಗೆ ಹೊಳೆದದ್ದು. ಅದಕ್ಕೆ ಮುಂಚೆ ಪಿಸ್ಟನ್ನಿನ ತಲೆಯ ಮೇಲೆ ದಿಬ್ಬ ಮಾಡಿ ಮಿಶ್ರಣವನ್ನು ಮೇಲಕ್ಕೆ ತಿರುಗಿಸುತ್ತಿದ್ದರು. ಆ ದಿಬ್ಬ ಕಾದು ಕೆಂಪಾಗಿ ನೂರೆಂಟು ತೊಂದರೆ ಕೊಡುತ್ತಿತ್ತು. ಅಷ್ಟಾದರೂ ಒಂದಿಷ್ಟು ಪೆಟ್ರೋಲ್ ಉರಿಯದೆ ಸೈಲೆನ್ಸರಿಗೆ ಹೋಗಿಯೇ ಹೋಗುತ್ತದೆ. ಟೂ ಸ್ಟ್ರೋಕ್ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ ಅನ್ನುವ ಹೆಸರಿಗೆ ಅದೇ ಕಾರಣ.

ಪಿಸ್ಟನ್ ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಅಷ್ಟರಲ್ಲಿ ಇಷ್ಟೆಲ್ಲ ಮುಗಿಯಿತು, ಟೂ ಸ್ಟ್ರೋಕ್ ಅನ್ನುವುದು ಇದಕ್ಕೇ. ನಿಮಿಷಕ್ಕೆ 3000 ಸುತ್ತು ಅಂದರೆ ಸೆಕೆಂಡಿಗೆ 50 ಸಲ! ನನಗೆ ಈಗಲೂ ಇದು ಬೆರಗು. ಹೆಡ್ ಬಿಚ್ಚಿದ್ದಾಗ ಒಬ್ಬರು ಬ್ಲಾಕನ್ನು ಮೇಲೇಳದ ಹಾಗೆ ಒತ್ತಿ ಹಿಡಿದು, ಇನ್ನೊಬ್ಬರು ಕಿಕ್ಕನ್ನು ಕೈಯಿಂದ ಮೆಲ್ಲಗೆ ಒತ್ತಲಿ. ಕಿಟಕಿಗಳು ಒಂದಾದ ಮೇಲೊಂದು ತೆರೆಯುವುದು, ಮುಚ್ಚುವುದು ಕಣ್ಣಿಗೆ ಕಾಣುತ್ತದೆ. ಒಂದು ಸಲ ಹಾಗೆ ನೋಡಿದರೆ ಸಾಕು, ಪುಸ್ತಕದ ಚಿತ್ರ ಬೇಡ.

ಪೆಟ್ರೋಲಿಗೇ ಆಯಿಲ್ ಹಾಕಬೇಕು ಅನ್ನುತ್ತಾರೆ. ಯಾಕೆ? ಒಂದು ದಿನ ಮರೆತರೆ ಏನಾಗುತ್ತದೆ?
– ಹಾಸನದ ಕಾಲೇಜು ವಿದ್ಯಾರ್ಥಿ

ಮೇಲಿನ ಉತ್ತರ ಓದಿದ್ದರೆ ಅರ್ಧ ನಿಮಗೇ ಗೊತ್ತಾಗಿದೆ. ಬೇರೆ ಬೈಕುಗಳಲ್ಲಿ ಕ್ರ್ಯಾಂಕಿನ (ಪಿಸ್ಟನ್ನಿನ ಏರಿಳಿತವನ್ನು ತಿರುಗಾಟ ಮಾಡುವ ಶಾಫ್ಟ್) ಕೆಳಗೆ ಆಯಿಲ್ ನಿಂತಿರುತ್ತದೆ. ಇಲ್ಲಿ ಆ ಜಾಗ ತಿದಿಯ ಕೆಲಸ ಮಾಡುತ್ತಿದೆ, ಅಲ್ಲಿ ಆಯಿಲ್ ನಿಲ್ಲಿಸಲು ಆಗುವುದಿಲ್ಲ. ಹಾಗಾಗಿ ಪೆಟ್ರೋಲಿನ ಜೊತೆಯಲ್ಲೇ ಆಯಿಲ್ ಮಂಜಿನ ಹಾಗೆ ಒಳಗೆ ಬಂದು, ಕ್ರ್ಯಾಂಕ್ ಬೇರಿಂಗ್, ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಎರಡೂ ತುದಿ, ಬ್ಲಾಕಿನ ಗೋಡೆ ಎಲ್ಲವನ್ನೂ ತೋಯಿಸಿ, ಕೊನೆಗೆ ಉರಿದು ಹೋಗುತ್ತದೆ. ಹಳೆಯ ಲೆಕ್ಕ 25ಕ್ಕೆ 1, ಅಂದರೆ ಲೀಟರಿಗೆ 40 ಮಿಲಿ. ಟೂ ಸ್ಟ್ರೋಕಿಗೆಂದೇ ಮಾಡಿದ ಈಗಿನ ಒಳ್ಳೆಯ 2ಟಿ ಆಯಿಲ್ ಹಾಕುವವರು 30 ಮಿಲಿಗೆ ಇಳಿಸುತ್ತಾರೆ. ಹೊಸ ಪಿಸ್ಟನ್ ಹಾಕಿಸಿದ್ದರೆ ಇಳಿಸಬೇಡಿ.

ಮರೆತರೆ ಸೀಜ್ ಆಗುತ್ತದೆ, ಅಂದರೆ ಪಿಸ್ಟನ್ ಬ್ಲಾಕಿಗೆ ಕಚ್ಚಿಕೊಂಡು ಎಂಜಿನ್ ನಿಂತುಬಿಡುತ್ತದೆ. ಮರೆಯದೆ ಇದ್ದರೂ ಆಗಬಹುದು, ನನಗೆ ಆಗಿದೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆ. ಬ್ರೇಕ್ ಸವೆಯದಿರಲಿ ಅಂತ ಎಕ್ಸಲರೇಟರ್ ಪೂರ್ತಿ ಬಿಟ್ಟು, ಎರಡನೇ ಗೇರಿನಲ್ಲಿ, ತುಂಬ ಹೊತ್ತು. ಎಂಜಿನ್ ಜೋರಾಗಿ ತಿರುಗುತ್ತಲೇ ಇತ್ತು. ಆದರೆ ಎಕ್ಸಲರೇಟರ್ ಮುಚ್ಚಿದ್ದರಿಂದ ಪೆಟ್ರೋಲ್ ಹೋಗುತ್ತಿರಲಿಲ್ಲ, ಪೆಟ್ರೋಲ್ ಇಲ್ಲ ಅಂದರೆ ಆಯಿಲ್ ಕೂಡ ಇಲ್ಲ. ಒಂದು ತಿರುವು ಕಳೆದು ಎಕ್ಸಲರೇಟರ್ ಕೊಟ್ಟೆ. ಎಂಜಿನ್ ಬಿಗಿದ ಧ್ವನಿಯಲ್ಲಿ ಒಮ್ಮೆ ನರಳಿತು, ಹಿಂದಿನ ಚಕ್ರ ಕಟ್ಟಿಹಾಕಿದ ಹಾಗೆ ನಿಂತು ಜಾರಿತು. ಕ್ಲಚ್ ಹಿಡಿದದ್ದರಿಂದ ಬೀಳಲಿಲ್ಲ. ಆಮೇಲೆ ಬಿಚ್ಚಿಸಿ ನೋಡಿದರೆ ಪಿಸ್ಟನ್ನಿನ ಪಕ್ಕೆಯಲ್ಲಿ ಬೆಕ್ಕು ಪರಚಿದ ಹಾಗೆ ಉದ್ದುದ್ದ ಗೀರು, ಕರಗಿದ ಅಲ್ಯೂಮಿನಿಯಂ ಗೋಡೆಗೆ ಅಂಟಿತ್ತು. ಪಿಸ್ಟನ್ ಅಲ್ಯೂಮಿನಿಯಂನದು, ಬ್ಲಾಕ್ ಬೀಡು ಕಬ್ಬಿಣದ್ದು. ಕಾದರೆ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಹತ್ತಿರ ಹತ್ತಿರ ಎರಡು ಪಟ್ಟು ಹಿಗ್ಗುತ್ತದೆ. ನಡುವೆ ಆಯಿಲಿನ ಪೊರೆ ಇಲ್ಲದಿದ್ದರೆ ಕಚ್ಚಿಕೊಳ್ಳುವುದೇ. ಬ್ಲಾಕ್ ಬೋರ್ ಮಾಡಿಸಿ ದೊಡ್ಡ ಸೈಜಿನ ಪಿಸ್ಟನ್ ಹಾಕಿಸಬೇಕಾಯಿತು.

ಅವತ್ತಿನಿಂದ ಘಾಟಿ ಇಳಿಯುವಾಗ ನಡುನಡುವೆ ಕ್ಲಚ್ ಹಿಡಿದು ಒಂದೆರಡು ಸಲ ಎಕ್ಸಲರೇಟರ್ ತಿರುವಿ ಎಂಜಿನ್ನಿಗೆ ಆಯಿಲ್ ಕುಡಿಸುತ್ತೇನೆ. ನೀವೂ ಹಾಗೆ ಮಾಡಿ.

ಮೊದಮೊದಲು ಸ್ವಲ್ಪ ಹೊಗೆ ಬರುತ್ತಿತ್ತು. ಈಗ ಬೀದಿಯವರೆಲ್ಲ ಬೈಯುವಷ್ಟು ಬಿಳಿ ಹೊಗೆ. 2ಟಿ ಆಯಿಲ್ ಕಡಿಮೆ ಮಾಡಿದರೂ ನಿಲ್ಲುತ್ತಿಲ್ಲ.
– ತಿಪಟೂರಿನ ಓದುಗರು

ಗೇರ್ ಬಾಕ್ಸಿನ ಆಯಿಲ್ ಎಷ್ಟಿದೆ ನೋಡಿ. ಕೆಳಗೆ ಒಂದು ಹನಿ ಸೋರದೆ ಅದು ಕಡಿಮೆಯಾಗಿದ್ದರೆ ಕಳ್ಳ ಸಿಕ್ಕಿದ ಹಾಗೆ: ಎಡಗಡೆ ಕ್ರ್ಯಾಂಕಿನ ಆಯಿಲ್ ಸೀಲ್. ತಿದಿ ಹೀರುವಾಗ ಕಾರ್ಬೊರೇಟರಿನಿಂದ ಮಾತ್ರ ಹೀರಬೇಕು. ಸೀಲಿನ ರಬ್ಬರ್ ಒಣಗಿ ಗಟ್ಟಿಯಾಗಿದ್ದರೆ ಕ್ಲಚ್ ಕಡೆಯಿಂದ ಗೇರ್ ಆಯಿಲನ್ನೂ ಎಳೆದುಕೊಂಡು ಉರಿಸುತ್ತದೆ. ತುಂಬ ಕಾಲ ನಿಲ್ಲಿಸಿಟ್ಟ ಗಾಡಿಗಳಲ್ಲಿ ಇದು ಸಾಮಾನ್ಯ.

ಬಲಗಡೆ, ಡೈನಮೊ ಹಿಂದೆ ಇರುವ ಸೀಲ್ ಹೋದರೆ ಹೊಗೆ ಬರುವುದಿಲ್ಲ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. ಅದು ಬರೀ ಗಾಳಿ ಎಳೆಯುತ್ತದೆ. ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಕಡಿಮೆಯಾಗಿ ಎಂಜಿನ್ ತುಂಬ ಬಿಸಿಯಾಗುತ್ತದೆ, ಎಕ್ಸಲರೇಟರ್ ಬಿಟ್ಟರೂ ರೇಸ್ ಇಳಿಯುವುದಿಲ್ಲ. ನನ್ನ ಲೆಕ್ಕದಲ್ಲಿ ಹೊಗೆಗಿಂತ ಇದೇ ಅಪಾಯ. ದಯವಿಟ್ಟು ಒಂದನ್ನೇ ಬದಲಿಸಬೇಡಿ. ಎಡಗಡೆ ಕ್ಲಚ್, ಚೈನು ಎಲ್ಲ ಬಿಚ್ಚಿಸುವ ಶ್ರಮ ಪಟ್ಟ ಮೇಲೆ ಬಲಗಡೆಯದನ್ನೂ ಹಾಕಿಸಿಬಿಡಿ. ಮತ್ತೆ, 2ಟಿ ಆಯಿಲನ್ನು ಮೊದಲಿನಷ್ಟೇ ಹಾಕಿ. ತಪ್ಪು ಅದರದ್ದಲ್ಲ.

ಎರಡು ಸೈಲೆನ್ಸರ್ ಇದೆ, ಎರಡು ಸಿಲಿಂಡರ್ ಇರಬೇಕಲ್ಲ? ಗೆಳೆಯರ ಜೊತೆ ಜಗಳವೇ ಆಗಿದೆ.
– ಹುಬ್ಬಳ್ಳಿಯ ಓದುಗರು

ಒಂದೇ ಸಿಲಿಂಡರ್. ಪ್ಲಗ್ ಎಷ್ಟಿದೆ ಅಂತ ಎಣಿಸಿದರೆ ಜಗಳ ಮುಗಿಯುತ್ತದೆ. ರಾಜ್‌ದೂತ್ 350ಯಲ್ಲಿ ನಿಜವಾಗಿ ಎರಡು ಸಿಲಿಂಡರ್ ಇದ್ದವು, ಇದರಲ್ಲಿಲ್ಲ. ಹೊಗೆಗೆ ಒಂದೇ ಅಗಲವಾದ ಕಿಟಕಿ ಕೊರೆದರೆ ಪಿಸ್ಟನ್ ರಿಂಗ್ (ಪಿಸ್ಟನ್ನಿನ ಸುತ್ತ ಕೂರುವ ಬಳೆ) ಅಲ್ಲಿ ಹೊರಕ್ಕೆ ಉಬ್ಬಿ ಅಂಚಿಗೆ ಸಿಕ್ಕಿ ಮುರಿಯುತ್ತದೆ. ಎರಡಾಗಿ ಒಡೆದು ನಡುವೆ ಗೋಡೆ ಬಿಟ್ಟರೆ ರಿಂಗಿಗೆ ಆಸರೆ, ಹೊಗೆಗೂ ಸಲೀಸು. ಒಂದೊಂದು ಕಿಟಕಿಗೆ ಒಂದೊಂದು ಪೈಪು, ಒಂದೊಂದು ಸೈಲೆನ್ಸರ್. ಹಾಗೆಯೇ ರಿಂಗಿನ ಬಾಯಿ, ಅಂದರೆ ಅದರ ಎರಡು ತುದಿಗಳ ನಡುವಿನ ಸೀಳು, ತಿರುಗುತ್ತಾ ಕಿಟಕಿಗೆ ಬರದಿರಲಿ ಅಂತ ಪಿಸ್ಟನ್ನಿನಲ್ಲಿ ರಿಂಗ್ ಕೂರುವ ಕೊರಕಲಿನಲ್ಲಿ ಚಿಕ್ಕ ಪಿನ್ ಇರುತ್ತದೆ. ರಿಂಗ್ ಕೂರಿಸುವಾಗ ಬಾಯಿ ಆ ಪಿನ್ನಿಗೇ ಬರಬೇಕು. ಬರದಿದ್ದರೆ ಬ್ಲಾಕ್ ಇಳಿಸುವಾಗಲೇ ರಿಂಗ್ ಚೂರಾಗುತ್ತದೆ.

ಸೈಲೆನ್ಸರಿನ ಒಳಗಿರುವ ಬ್ಯಾಫಲ್, ಅಂದರೆ ಸದ್ದು ತಗ್ಗಿಸುವ ತೂತುತೂತಿನ ಭಾಗ, ಎಳೆದು ನೋಡಿದ್ದೀರಾ? ಬಿಡುವಿದ್ದಾಗ ಎಳೆಯಿರಿ. ತೂತುಗಳೆಲ್ಲ ಡಾಂಬರಿನಂಥ ಮಸಿಯಿಂದ ಮುಚ್ಚಿರುತ್ತವೆ. ಏರಿನಲ್ಲಿ ಗಾಡಿ ಎಳೆಯುತ್ತಿಲ್ಲ ಅಂತ ಕಾರ್ಬೊರೇಟರ್ ಬದಲಿಸಿದವರನ್ನು ಕಂಡಿದ್ದೇನೆ. ಬ್ಯಾಫಲ್ ಸುಟ್ಟು ಕೆರೆದು ಹಾಕಿದ್ದರೆ ಸಾಕಿತ್ತು. ಸದ್ದು ಬರಲಿ ಅಂತ ಅದನ್ನು ತೆಗೆದೇ ಓಡಿಸಬೇಡಿ. ಸೈಲೆನ್ಸರಿನಿಂದ ಹಿಂದಕ್ಕೆ ಬರುವ ಒತ್ತಡವೂ ಈ ಎಂಜಿನ್ನಿನ ಲೆಕ್ಕದಲ್ಲಿ ಸೇರಿದೆ.

ಕಿಕ್ಕರ್ರೂ ಗೇರೂ ಒಂದೇ ಲಿವರ್ ಆಗಿರುವುದು ಹೇಗೆ?
– ಸಾಗರದ ಓದುಗರು

ಒಂದರೊಳಗೊಂದು ಶಾಫ್ಟ್. ಲಿವರನ್ನು ಒಳಕ್ಕೆ ಒತ್ತಿ ಮೇಲೆ ತಿರುಗಿಸಿದರೆ ಅದು ಗೇರಿನ ಹಿಡಿತ ಬಿಟ್ಟು ಕಿಕ್ಕಿನ ಹಲ್ಲಿಗೆ ಕೂರುತ್ತದೆ. ಗೇರ್ ಹಾಕುವಾಗ ಅದೇ ಲಿವರ್ ಒಳಗಿನಿಂದ ಕ್ಲಚ್ಚನ್ನೂ ಬಿಡಿಸುತ್ತದೆ, ಹಾಗಾಗಿ ಕ್ಲಚ್ ಹಿಡಿಯದೆಯೂ ಗೇರ್ ಬದಲಿಸಬಹುದು. ಕ್ಲಚ್ ಕೇಬಲ್ ತುಂಡಾದ ದಿನ ಇದರ ಬೆಲೆ ಗೊತ್ತಾಗುತ್ತದೆ.

ಬೆಳಿಗ್ಗೆ ಹತ್ತಿಪ್ಪತ್ತು ಕಿಕ್ ಹೊಡೆಯಬೇಕು. ಪ್ಲಗ್ ಹೊಸದು.
– ಚಿಕ್ಕಮಗಳೂರಿನ ಓದುಗರು

ಪ್ಲಗ್ ಹೊಸದಾದರೆ ಸಾಲದು, ಅದಕ್ಕೆ ಕಿಡಿ ಕಳಿಸುವವರು ಸರಿಯಿರಬೇಕು. 6 ವೋಲ್ಟ್ ಬ್ಯಾಟರಿಯಿಂದ ಕಾಯಿಲಿಗೆ ಕರೆಂಟ್ ಹರಿಯುತ್ತಿರುತ್ತದೆ. ಎಂಜಿನ್ ತಿರುಗಿದ ಹಾಗೆ ತೆರೆದು ಮುಚ್ಚುವ ಚಿಕ್ಕ ಸ್ವಿಚ್ಚೇ ಪಾಯಿಂಟ್. ಅದು ತೆರೆದ ಕ್ಷಣ ಆ ಕರೆಂಟ್ ತಟ್ಟನೆ ನಿಂತು, ಕಾಯಿಲಿನ ಇನ್ನೊಂದು ಸುತ್ತಿನಲ್ಲಿ ಸಾವಿರಾರು ವೋಲ್ಟ್ ಹುಟ್ಟುತ್ತದೆ. ತಟ್ಟನೆ ನಿಲ್ಲಬೇಕು ಅನ್ನುವುದೇ ಮುಖ್ಯ. ಅದಕ್ಕೆ ನೆರವಾಗುವುದು ಕಂಡೆನ್ಸರ್. ಅದು ಕೆಟ್ಟರೆ ಪಾಯಿಂಟಿನಲ್ಲೇ ಕಿಡಿ ಹಾರಿ ಅದು ಕರಕಲಾಗುತ್ತದೆ, ಪ್ಲಗ್ಗಿನಲ್ಲಿ ಮಂಕಾದ ಕೆಂಪು ಕಿಡಿ. ಬಲಗಡೆಯ ಕವರ್ ತೆಗೆದು, ಪಾಯಿಂಟಿನ ಮುಖ ಸಣ್ಣ ಮರಳು ಕಾಗದದಿಂದ ಉಜ್ಜಿ, ಪೂರ್ತಿ ತೆರೆದಾಗ ಗ್ಯಾಪ್ 0.4 ಮಿಲಿಮೀಟರ್ ಇದೆಯಾ ನೋಡಿ. ಉಜ್ಜಿದ ಮೇಲೆ ಒಂದು ಹನಿ ಪೆಟ್ರೋಲಿನಲ್ಲಿ ಒರೆಸಿ. ಬೆರಳಿನ ಜಿಡ್ಡು ತಾಗಿದರೂ ಕರೆಂಟ್ ಹಾಯುವುದಿಲ್ಲ.

ಹೊಸ ಜಾವಾದಲ್ಲಿ ಆ ಹಳೆ ಸದ್ದು ಯಾಕಿಲ್ಲ? ನನ್ನ ಹಳೆ ಗಾಡಿ ನಿಂತಲ್ಲಿ ಡಿಂಗ್... ಡಿಂಗ್ ಡಿಂಗ್ ಅಂತ ತಾಳ ತಪ್ಪುತ್ತದೆ, ಅದನ್ನು ಸರಿ ಮಾಡಿಸಬೇಕಾ?
– ಬೆಂಗಳೂರಿನ ಓದುಗರು

2018ರಲ್ಲಿ ಬಂದ ಹೊಸ ಜಾವಾ ಫೋರ್ ಸ್ಟ್ರೋಕ್, ಎರಡು ಸುತ್ತಿಗೆ ಒಮ್ಮೆ ಉರಿಯುತ್ತದೆ, ನೀರಿನಿಂದ ತಣಿಯುತ್ತದೆ. ಚಂದದ ಗಾಡಿಯೇ, ಆದರೆ ಸದ್ದು ಹೇಗೆ ಒಂದೇ ಆದೀತು?

ತಾಳ ತಪ್ಪುವುದು ರೋಗವಲ್ಲ. ನಿಂತಲ್ಲಿ ಓಡುವಾಗ ಒಳಗೆ ಬರುವ ಮಿಶ್ರಣ ತುಂಬ ಕಡಿಮೆ, ಹಳೆ ಹೊಗೆಯನ್ನು ಪೂರ್ತಿ ಗುಡಿಸಲು ಅದಕ್ಕೆ ಕಸುವು ಸಾಲದು. ಹೊಗೆ ಜಾಸ್ತಿ ಇದ್ದ ಸುತ್ತಿನಲ್ಲಿ ಕಿಡಿ ಹಾರಿದರೂ ಉರಿ ಹತ್ತುವುದಿಲ್ಲ. ಮುಂದಿನ ಸುತ್ತಿಗೆ ಇನ್ನಷ್ಟು ಹೊಸ ಮಿಶ್ರಣ ಸೇರಿ, ಆಗ ಜೋರಾಗಿ ಹತ್ತುತ್ತದೆ. ನೀವು ಕೇಳುತ್ತಿರುವ ಆ ಬಿಡುವು ಅದೇ. ಎಕ್ಸಲರೇಟರ್ ಒಂಚೂರು ಕೊಟ್ಟ ಕೂಡಲೇ ಸರಿಹೋಗುತ್ತದೆ ಅಲ್ವಾ? ಹಾಗಿದ್ದರೆ ಕಾರ್ಬೊರೇಟರಿನ ಸ್ಕ್ರೂ ಮುಟ್ಟಬೇಡಿ.