ಮೆಗ್ಗಾನ್‌ನಂಥ ಬೋಧನಾ ಆಸ್ಪತ್ರೆಗೆ ದಾಖಲಾಗುವವರ ಮನೆಯವರು ಏನನ್ನು ತಿಳಿದಿರಬೇಕು?

ಹೊಸನಗರದ ಕಡೆಯಿಂದ ನಿಮ್ಮ ತಂದೆಯವರನ್ನು ಪಿತ್ತಕೋಶದ ಕಲ್ಲಿನ ಶಸ್ತ್ರಚಿಕಿತ್ಸೆಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕರೆದುಕೊಂಡು ಬರಬೇಕಾಗಿದೆ ಎಂದು ಬರೆದಿದ್ದೀರಿ. ಅಲ್ಲಿ ಕಲಿಯುವ ಹುಡುಗರೇ ರೋಗಿಗಳನ್ನು ನೋಡುತ್ತಾರಂತೆ, ನಮ್ಮವರ ಮೇಲೆ ಪ್ರಯೋಗ ಮಾಡುವುದಿಲ್ಲವೇ ಎಂಬುದು ನಿಮ್ಮ ಆತಂಕ. ನಾನು ಸರ್ಕಾರಿ ಬೋಧನಾ ಆಸ್ಪತ್ರೆಗಳ ವಾರ್ಡುಗಳಲ್ಲಿ ಬಹುಕಾಲ ಶುಶ್ರೂಷಾಧಿಕಾರಿಯಾಗಿ ದುಡಿದು ನಿವೃತ್ತಳಾದವಳು. ನಾನು ಕಂಡಂತೆ, ಇಂಥ ಆಸ್ಪತ್ರೆಯಲ್ಲಿ ಹೆದರಬೇಕಾದದ್ದು ವಿದ್ಯಾರ್ಥಿಗಳಿಗಲ್ಲ. ಒಬ್ಬ ರೋಗಿಯನ್ನು ಹಲವರು ನೋಡುವಾಗ ಒಬ್ಬರಿಗೆ ಹೇಳಿದ ಮಾತು ಮತ್ತೊಬ್ಬರಿಗೆ ಮುಟ್ಟದೆ ಉಳಿದುಬಿಡುತ್ತದಲ್ಲ, ಅದಕ್ಕೆ ಹೆದರಬೇಕು. ಅದನ್ನು ತಪ್ಪಿಸುವುದರಲ್ಲಿ ಮನೆಯವರ ಪಾತ್ರ ಬಹಳ ದೊಡ್ಡದು.

ಮೊದಲು ಯಾರು ಯಾರು ಎಂಬುದನ್ನು ತಿಳಿದುಕೊಳ್ಳಿ. ಶಿವಮೊಗ್ಗ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ 2007ರಲ್ಲಿ ಎಂ.ಬಿ.ಬಿ.ಎಸ್. ತರಗತಿಗಳು ಆರಂಭವಾದ ಮೇಲೆ ನಮ್ಮ ಹಳೆಯ ಜಿಲ್ಲಾ ಆಸ್ಪತ್ರೆಯಾದ ಮೆಗ್ಗಾನ್ ಬೋಧನಾ ಆಸ್ಪತ್ರೆಯಾಯಿತು. ಇಂಥ ಆಸ್ಪತ್ರೆಗಳಲ್ಲಿ ಪ್ರತಿಯೊಂದು ವಿಭಾಗವೂ ಯುನಿಟ್‌ಗಳಾಗಿ ಹಂಚಿಕೊಂಡಿರುತ್ತದೆ. ಪ್ರತಿ ಯುನಿಟ್‌ಗೂ ಒಬ್ಬ ಹಿರಿಯ ವೈದ್ಯರು ಮುಖ್ಯಸ್ಥರಾಗಿದ್ದು, ಅವರ ಕೈಕೆಳಗೆ ಸಹಾಯಕ ಪ್ರಾಧ್ಯಾಪಕರು, ಸೀನಿಯರ್ ರೆಸಿಡೆಂಟ್, ಪಿ.ಜಿ. ವೈದ್ಯರು, ಕೊನೆಗೆ ಹೌಸ್ ಸರ್ಜನ್‌ಗಳು ಇರುತ್ತಾರೆ. ಪಿ.ಜಿ. ವೈದ್ಯರನ್ನು ಜನ ವಿದ್ಯಾರ್ಥಿಗಳೆಂದು ಕರೆದರೂ ಅವರು ಎಂ.ಬಿ.ಬಿ.ಎಸ್. ಮುಗಿಸಿ ತಜ್ಞರಾಗಲು 3 ವರ್ಷ ತರಬೇತಿ ಪಡೆಯುತ್ತಿರುವ ನೋಂದಾಯಿತ ವೈದ್ಯರು. ಹೌಸ್ ಸರ್ಜನ್‌ಗಳು ನಾಲ್ಕೂವರೆ ವರ್ಷದ ಓದು ಮುಗಿಸಿ ಕಡ್ಡಾಯವಾದ 1 ವರ್ಷದ ತರಬೇತಿಯಲ್ಲಿರುವವರು. ಹಿರಿಯರ ಮೇಲ್ವಿಚಾರಣೆಯಲ್ಲಿ ಮಾತ್ರ ಕೆಲಸ ಮಾಡಬೇಕಾದವರು. ಇವರು ವಿಭಾಗದಿಂದ ವಿಭಾಗಕ್ಕೆ ಬದಲಾಗುತ್ತಲೇ ಇರುತ್ತಾರೆ. ಆದ್ದರಿಂದ ದಾಖಲಾದ ದಿನವೇ ತಂದೆಯವರು ಯಾವ ಯುನಿಟ್‌ನಲ್ಲಿದ್ದಾರೆ, ಅದರ ಮುಖ್ಯಸ್ಥರು ಯಾರು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಕೇಳಿದವರಿಗೆಲ್ಲ ‘ಒಬ್ಬರು ಡಾಕ್ಟರ್ ಬಂದು ಏನೋ ಹೇಳಿ ಹೋದರು’ ಎನ್ನುವ ಕುಟುಂಬಕ್ಕೆ ನಾವು ಸಹಾಯ ಮಾಡಲು ಹೊರಟರೂ ಎಲ್ಲಿಂದ ಆರಂಭಿಸುವುದೆಂದು ತೋಚುತ್ತಿರಲಿಲ್ಲ.

ಎರಡನೆಯದು, ಇದೇ ಎಲ್ಲಕ್ಕಿಂತ ಮುಖ್ಯವಾದದ್ದು. ನಿಮ್ಮ ತಂದೆಯವರ ಕಾಯಿಲೆಯ ಪೂರ್ವಾಪರವನ್ನು ಮೊದಲು ಹೌಸ್ ಸರ್ಜನ್ ಕೇಳುತ್ತಾರೆ, ಬಳಿಕ ಪಿ.ಜಿ. ವೈದ್ಯರು, ಆಮೇಲೆ ಅರಿವಳಿಕೆ ವಿಭಾಗದವರು, ಅಷ್ಟರಲ್ಲಿ ಪುಸ್ತಕ ಹಿಡಿದ ವಿದ್ಯಾರ್ಥಿಗಳ ಗುಂಪೊಂದು ಬಂದು ಮತ್ತೆ ಕೇಳಬಹುದು. ಬೇಸರವಾಗುವುದು ಸಹಜ. ಆದರೂ ಪ್ರತಿ ಸಲವೂ ಇಡೀ ವಿಷಯವನ್ನು ಹೇಳಿ. ಹಾವು ಕಚ್ಚಿದ ರೈತರೊಬ್ಬರನ್ನು ಒಮ್ಮೆ ನಮ್ಮ ವಾರ್ಡಿಗೆ ತಂದಿದ್ದರು. ಹೌಸ್ ಸರ್ಜನ್ ಆಗಿದ್ದ ಹುಡುಗಿ ಅವರ ರಕ್ತವನ್ನು ಒಣಗಿದ ಗಾಜಿನ ನಳಿಕೆಗೆ ಹಾಕಿ, ಅಲುಗಾಡಿಸದೆ 20 ನಿಮಿಷ ಇಟ್ಟು, ಮೆಲ್ಲಗೆ ಓರೆ ಮಾಡಿ ನೋಡಿದಳು. ರಕ್ತ ಹೆಪ್ಪುಗಟ್ಟದೆ ನೀರಿನಂತೆ ಹರಿಯಿತು. ಕೊಳಕುಮಂಡಲದಂಥ ಹಾವಿನ ವಿಷ ಏರಿದೆ ಎನ್ನುವುದಕ್ಕೆ ಅದೇ ಗುರುತು. ಆ 20 ನಿಮಿಷವೂ ಮನೆಯವರು ‘ಸುಮ್ಮನೆ ಕೂರಿಸಿದ್ದಾರೆ’ ಎಂದು ಕೂಗಾಡುತ್ತಿದ್ದರು. ವಿಷನಿರೋಧಕ ಔಷಧ ಶುರುವಾದ ಮೇಲೆ ಅವಳು ಮೂರನೆಯ ಬಾರಿಗೆ ಎಲ್ಲವನ್ನೂ ಕೇಳತೊಡಗಿದಳು. ಬೆಳಿಗ್ಗೆ ತೋಟದಲ್ಲಿ ಕಚ್ಚಿತು ಎಂದು ಮಗ ಮೊದಲಿನಿಂದಲೂ ಹೇಳುತ್ತಿದ್ದರು. ಹಿಂದೆ ನಿಂತಿದ್ದ ಹೆಂಡತಿ ಆಗ, ‘ಇಲ್ಲಮ್ಮ, ನಿನ್ನೆ ಸಂಜೆಯೇ ಕಚ್ಚಿದ್ದು, ರಾತ್ರಿಯೆಲ್ಲ ನಾಟಿ ಔಷಧ ಕೊಡುವವರ ಮನೆಯಲ್ಲಿದ್ದೆವು, ರಾತ್ರಿಯಿಂದ ಮೂತ್ರವೂ ಹೋಗಿಲ್ಲ’ ಎಂದರು. ಹುಡುಗಿ ಕೂಡಲೇ ಪಿ.ಜಿ. ವೈದ್ಯರನ್ನು ಕರೆಸಿದಳು, ಮೂತ್ರಪಿಂಡದ ಪರೀಕ್ಷೆಗೆ ರಕ್ತ ಹೋಯಿತು. ಮೂರನೆಯ ಸಲ ಕೇಳುವ ತಾಳ್ಮೆ ಕಲಿಯುತ್ತಿರುವವರಿಗೇ ಹೆಚ್ಚು ಎಂಬುದನ್ನು ನಾನು ಅನೇಕ ಬಾರಿ ಕಂಡಿದ್ದೇನೆ.

ನಾಟಿ ಔಷಧ ಕುಡಿಸಿದ್ದನ್ನು, ಬೇರೆ ಆಸ್ಪತ್ರೆಗೆ ತೋರಿಸಿದ್ದನ್ನು, ಕುಡಿತದ ಅಭ್ಯಾಸವನ್ನು ಬೈಯುತ್ತಾರೆಂಬ ಅಂಜಿಕೆಯಿಂದ ದಯವಿಟ್ಟು ಮುಚ್ಚಿಡಬೇಡಿ. ತಂದೆಯವರಿಗೆ ಸಕ್ಕರೆ ಕಾಯಿಲೆಯಿದೆ, ಹೃದಯಕ್ಕೆ ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಾರೆ ಎಂದು ನೀವೇ ಬರೆದಿದ್ದೀರಿ. ಆ ಮಾತ್ರೆಯ ವಿಷಯ ಶಸ್ತ್ರಚಿಕಿತ್ಸಕರಿಗೂ ಅರಿವಳಿಕೆ ವೈದ್ಯರಿಗೂ ಬೇರೆ ಬೇರೆಯಾಗಿ ತಿಳಿಯಲೇಬೇಕು. ಮಾತ್ರೆಯ ಖಾಲಿ ಪಟ್ಟಿಗಳನ್ನೇ ಚೀಲದಲ್ಲಿ ಹಾಕಿಕೊಂಡು ಬನ್ನಿ. ನೀವಾಗಿಯೇ ಅದನ್ನು ನಿಲ್ಲಿಸಬೇಡಿ, ಯಾವಾಗ ನಿಲ್ಲಿಸಬೇಕೆಂದು ಅವರೇ ಹೇಳುತ್ತಾರೆ. ಜ್ವರದ ರೋಗಿಯಾಗಿದ್ದರೆ ಕಾಡಿಗೆ ದರಗು, ಸೌದೆ ತರಲು ಹೋಗಿದ್ದು, ಉಣುಗು ಕಚ್ಚಿದ್ದು, ಹತ್ತಿರದಲ್ಲಿ ಮಂಗ ಸತ್ತಿದ್ದು ಇವನ್ನೂ ಹೇಳಬೇಕೆನ್ನುತ್ತಿದ್ದೆ. ಉಣುಗಿನಿಂದ ಹರಡುವ ಮಂಗನ ಕಾಯಿಲೆಯೆಂಬ ಜ್ವರ 1957ರಲ್ಲಿ ಮೊದಲು ಪತ್ತೆಯಾದದ್ದು ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲೇ ಆದರೂ, ಎಲ್ಲಿಂದಲೋ ಓದಲು ಬಂದ ವೈದ್ಯರಿಗೆ ಅದು ತಟ್ಟನೆ ಹೊಳೆಯದಿರಬಹುದು. ಸರ್ಕಾರಿ ಕಾಲೇಜುಗಳ ಪಿ.ಜಿ. ಸೀಟುಗಳಲ್ಲಿ ಅರ್ಧದಷ್ಟು ಅಖಿಲ ಭಾರತ ಕೋಟಾಕ್ಕೆ ಹೋಗುವುದರಿಂದ, ಕನ್ನಡ ಇನ್ನೂ ಸರಿಯಾಗಿ ಬಾರದವರು ಎದುರಾಗುವುದೂ ಉಂಟು. ಮಾತು ಅರ್ಥವಾಗಲಿಲ್ಲವೆನಿಸಿದರೆ ತಲೆಯಾಡಿಸಿ ಸುಮ್ಮನಾಗದೆ ವಾರ್ಡಿನ ಸಿಸ್ಟರನ್ನು ಕರೆಯಿರಿ.

ಇನ್ನು ಪ್ರಯೋಗದ ಪ್ರಶ್ನೆ. ಕಲಿಕೆ ಬೇರೆ, ಸಂಶೋಧನೆ ಬೇರೆ. ಯಾವುದೇ ಸಂಶೋಧನೆಗೆ ರೋಗಿಯನ್ನು ಸೇರಿಸಿಕೊಳ್ಳಬೇಕಾದರೆ ನೈತಿಕ ಸಮಿತಿಯ ಅನುಮತಿ ಬೇಕು, ವಿಷಯವನ್ನು ವಿವರಿಸಿ ಪ್ರತ್ಯೇಕವಾಗಿ ಒಪ್ಪಿಗೆ ಪಡೆಯಬೇಕು. ಬೇಡವೆಂದರೆ ಚಿಕಿತ್ಸೆಯಲ್ಲಿ ಕೊರತೆ ಮಾಡುವಂತಿಲ್ಲ. ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರ ಅದಲ್ಲ. ಅದಕ್ಕೆ ಸಹಿ ಹಾಕುವ ಮೊದಲು ಶಸ್ತ್ರಚಿಕಿತ್ಸೆ ಮಾಡುವವರು ಯಾರು, ಆ ಹೊತ್ತಿನಲ್ಲಿ ಯಾವ ಹಿರಿಯರು ಜೊತೆಯಲ್ಲಿರುತ್ತಾರೆ, ಸಣ್ಣ ರಂಧ್ರಗಳ ಮೂಲಕ ದುರ್ಬೀನಿನಲ್ಲಿ (ಲ್ಯಾಪರೊಸ್ಕೋಪಿ) ಮಾಡಲು ಆಗದಿದ್ದರೆ ಹೊಟ್ಟೆ ತೆರೆಯುತ್ತಾರೆಯೇ ಎಂದು ಕೇಳಿ. ಇದು ಅವಿಶ್ವಾಸವಲ್ಲ, ನಿಮ್ಮ ಹಕ್ಕು. ತಂದೆಯವರಿಗೆ ಪ್ರಜ್ಞೆ, ತಿಳುವಳಿಕೆ ಸರಿಯಾಗಿರುವಾಗ ಒಪ್ಪಿಗೆ ಅವರದೇ ಆಗಿರಬೇಕು. ಒಂದಕ್ಕೆ ಕೊಟ್ಟ ಒಪ್ಪಿಗೆಯನ್ನು ತುರ್ತು ಅಗತ್ಯವಿಲ್ಲದೆ ಇನ್ನೊಂದಕ್ಕೆ ಹಿಗ್ಗಿಸಬಾರದೆಂದು ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ವಿದ್ಯಾರ್ಥಿಗಳು ಪರೀಕ್ಷಿಸಲು ಬಂದಾಗ ನೋವು, ಆಯಾಸ ಹೆಚ್ಚಿದ್ದರೆ ‘ಈಗ ಬೇಡ’ ಎನ್ನಬಹುದು. ಹೆಣ್ಣುಮಕ್ಕಳನ್ನು ಪುರುಷ ವೈದ್ಯರು ಪರೀಕ್ಷಿಸುವಾಗ ಪಕ್ಕದಲ್ಲಿ ಇನ್ನೊಬ್ಬ ಹೆಂಗಸು ಇರಲೇಬೇಕೆಂದು ಕೇಳಬಹುದು. ಆದರೆ ಸಾಧ್ಯವಿದ್ದಾಗ ಒಪ್ಪಿಕೊಳ್ಳಿ ಎಂದೇ ನನ್ನ ಕೋರಿಕೆ. ನಾಳೆ ನಿಮ್ಮ ತಾಲ್ಲೂಕಿನ ನಗರ, ರಿಪ್ಪನ್‌ಪೇಟೆಯಂಥ ಊರುಗಳ ಆರೋಗ್ಯ ಕೇಂದ್ರಗಳಿಗೆ ಬಂದು ಕೂರಬೇಕಾದವರು ಇವರೇ.

ಖರ್ಚಿನ ವಿಚಾರ ಚಿಕ್ಕದಾಗಿ ಹೇಳುತ್ತೇನೆ. ಪಡಿತರ ಚೀಟಿ ಮತ್ತು ಆಧಾರ್ ಎರಡನ್ನೂ ತನ್ನಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ, ಎ.ಪಿ.ಎಲ್. ಆಗಿದ್ದರೆ ಪ್ಯಾಕೇಜ್ ದರದ ಶೇ. 30ರಷ್ಟನ್ನು ಸರ್ಕಾರ ಭರಿಸುತ್ತದೆ, ಅದರ ಮಿತಿ ವರ್ಷಕ್ಕೆ ಒಂದೂವರೆ ಲಕ್ಷ. ಅದನ್ನು ನೋಡಿಕೊಳ್ಳುವ ಆರೋಗ್ಯ ಮಿತ್ರರನ್ನು ದಾಖಲಾದ ಕೂಡಲೇ ಭೇಟಿಯಾಗಿ, ಬಿಡುಗಡೆಯ ದಿನ ಹುಡುಕಬೇಡಿ.

ಜನಸಂದಣಿ, ಕಾಯುವಿಕೆ, ಒಮ್ಮೊಮ್ಮೆ ಗದರುವ ಮಾತು ಇವೆಲ್ಲ ಇರುತ್ತವೆ. ಇಲ್ಲವೆಂದು ನಾನು ಹೇಳಲಾರೆ. ಏನನ್ನಾದರೂ ಕೇಳಬೇಕಿದ್ದರೆ ಬೆಳಗಿನ ರೌಂಡ್ಸ್ ಹೊತ್ತಿಗೆ ಒಬ್ಬರೇ ಹಾಸಿಗೆಯ ಬಳಿ ನಿಂತು, ಮೊದಲೇ ಬರೆದಿಟ್ಟ ಎರಡು ಮೂರು ಪ್ರಶ್ನೆಗಳನ್ನು ಮುಖ್ಯಸ್ಥರಿಗೇ ಕೇಳಿ. ರಾತ್ರಿ ಪಾಳಿಯವರಿಗೆ ನಿಮ್ಮ ಪರಿಚಯವಿರುವುದಿಲ್ಲವಾದ್ದರಿಂದ ನೋವು ಹೆಚ್ಚಾದರೆ, ಜ್ವರ ಬಂದರೆ, ಹೊಲಿಗೆಯಿಂದ ರಕ್ತ ಒಸರಿದರೆ ಬೆಳಗಾಗಲಿ ಎಂದು ಕಾಯದೆ ಸಿಸ್ಟರ್‌ಗೆ ತಿಳಿಸಿ, ಅವರು ಡ್ಯೂಟಿ ಡಾಕ್ಟರನ್ನು ಕರೆಸುತ್ತಾರೆ. ಅಲ್ಲಿಯೂ ಪರಿಹಾರ ಸಿಗದಿದ್ದರೆ ಯುನಿಟ್ ಮುಖ್ಯಸ್ಥರು, ಅವರ ನಂತರ ವೈದ್ಯಕೀಯ ಅಧೀಕ್ಷಕರು. ವೈದ್ಯಕೀಯ ದಾಖಲೆಗಳ ಪ್ರತಿಯನ್ನು ಲಿಖಿತವಾಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂಬ ನಿಯಮ 2002ರಿಂದಲೂ ಇದೆ.

ಬಿಡುಗಡೆಯ ದಿನ ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಳ್ಳುವ ಮುನ್ನ ಅಲ್ಲೇ ಓದಿಸಿಕೊಳ್ಳಿ. ಹೃದಯದ ಮಾತ್ರೆಯನ್ನು ಮತ್ತೆ ಯಾವತ್ತಿನಿಂದ ಶುರುಮಾಡಬೇಕು, ಹೊಲಿಗೆ ಯಾವಾಗ ತೆಗೆಯುತ್ತಾರೆ, ಪರೀಕ್ಷೆಗೆ ಕಳಿಸಿದ ಪಿತ್ತಕೋಶದ ವರದಿ ಯಾವಾಗ ಬರುತ್ತದೆ ಎಂಬುದು ಅದರಲ್ಲಿ ಬರೆದಿರಬೇಕು. ಮರುಭೇಟಿಗೆ ನಿಮ್ಮ ಯುನಿಟ್‌ನ ಹೊರರೋಗಿ ದಿನ ಯಾವುದೆಂದು ಕೇಳಿಕೊಂಡು ಅದೇ ದಿನ ಬನ್ನಿ. ಬೇರೆ ದಿನ ಬಂದರೆ ತಂದೆಯವರನ್ನು ಎಂದೂ ನೋಡಿರದವರ ಮುಂದೆ ಮೊದಲಿನಿಂದ ಎಲ್ಲವನ್ನೂ ಹೇಳಬೇಕಾಗುತ್ತದೆ.