ಓದುಗರ ಪ್ರಶ್ನೆ: ಗಾಜಿನ ಪುಡಿಯಲ್ಲಿ ಚಿತ್ರ ಬರೆಯುವ ಬಗೆ

ಪ್ರಶ್ನೆ: ಮಾನ್ಯರೇ, ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಬಳಿ ವಾಸವಾಗಿರುವ ನಾನು, ಗಾಜನ್ನು ಕುಲುಮೆಯಲ್ಲಿ ಬೆಸೆಯುವ ಫ್ಯೂಸಿಂಗ್ ಕಲೆಯ ವಾರಾಂತ್ಯದ ಕಾರ್ಯಾಗಾರಕ್ಕೆ ಸೇರಿದ್ದೇನೆ. ಬಿಳಿ ಗಾಜಿನ ಹಾಳೆಯ ಮೇಲೆ ಬಣ್ಣದ ಗಾಜಿನ ಪುಡಿಯಿಂದ ಚಿತ್ರ ಬರೆಯುವುದನ್ನು ಅಲ್ಲಿ ಕಲಿಸುತ್ತಿದ್ದಾರೆ. ಚಿಕ್ಕಂದಿನಿಂದ ರಂಗೋಲಿ ಹಾಕಿದ ಕೈ ನನ್ನದಾದ್ದರಿಂದ ಇದು ಸುಲಭವೆಂದುಕೊಂಡಿದ್ದೆ. ಆದರೆ ಕುಲುಮೆಯಿಂದ ತೆಗೆದಾಗ ನೀಲಿ ಬಣ್ಣ ಹೆಚ್ಚುಕಡಿಮೆ ಮಾಯವಾಗಿತ್ತು. ಕಪ್ಪು ಗೆರೆಗಳು ಹರಡಿಕೊಂಡಿದ್ದವು. ಬಿಳಿಯಾಗಿ ಉಳಿಯಬೇಕಾದ ಕಡೆಯೆಲ್ಲ ಕಪ್ಪು ಚುಕ್ಕೆಗಳು ಬಿದ್ದಿದ್ದವು. ಶಿಕ್ಷಕಿಯವರು ಪ್ರತಿ ಬಾರಿಯೂ “ಹಾಕುವುದಕ್ಕಿಂತ ತೆಗೆಯುವುದನ್ನು ಕಲಿಯಿರಿ” ಎನ್ನುತ್ತಾರೆ. ಇದರ ಅರ್ಥವೇನು?
– ಓದುಗರೊಬ್ಬರು, ಬೀವರ್ಟನ್, ಆರಿಗಾನ್

ಉತ್ತರ: ನಿಮ್ಮ ಶಿಕ್ಷಕಿಯವರ ಮಾತು ಈ ವಿದ್ಯೆಯ ಮೂಲಪಾಠವೇ ಆಗಿದೆ. ಅದಕ್ಕೆ ಬರುವ ಮೊದಲು ನಿಮ್ಮ ನೀಲಿ ಬಣ್ಣ ಎಲ್ಲಿ ಹೋಯಿತೆಂಬುದನ್ನು ನೋಡೋಣ. ನೀವು ಬಳಸಿದ್ದು ಪಾರದರ್ಶಕ ನೀಲಿ ಗಾಜಿನ ಪುಡಿಯಾಗಿರಬೇಕು. ಪುಡಿಯಾಗಿರುವಾಗ ಒಂದೊಂದು ಕಣದ ಮೈಯೂ ಬೆಳಕನ್ನು ಚದುರಿಸುವುದರಿಂದ ತೆಳುವಾದ ಪದರವೂ ಬಿಳಿ ಹಾಳೆಯನ್ನು ಮರೆಮಾಡಿ, ಸಾಕಷ್ಟು ದಟ್ಟವಾಗಿದೆ ಎಂಬ ಭ್ರಮೆಯನ್ನು ಹುಟ್ಟಿಸುತ್ತದೆ. ಕರಗಿದ ಮೇಲೆ ಕಣಗಳು ಒಂದಾಗಿ, ಚದುರುವಿಕೆ ನಿಂತು, ಬಣ್ಣದ ಗಾಢತೆಯನ್ನು ಗಾಜಿನ ದಪ್ಪವೊಂದೇ ನಿರ್ಧರಿಸುತ್ತದೆ. ಮೂರು ಮಿಲಿಮೀಟರ್ ದಪ್ಪದ ಹಾಳೆಯಲ್ಲಿ ಕಡುನೀಲಿಯಾಗಿ ಕಾಣುವ ಗಾಜು, ಜರಡಿಯಿಂದ ಉದುರಿಸಿದ ಒಂದು ಮಿಲಿಮೀಟರಿಗೂ ಕಡಿಮೆ ದಪ್ಪದ ಪದರದಲ್ಲಿ, ಅದರಲ್ಲೂ ಕಣಗಳ ನಡುವಿನ ಗಾಳಿ ಹೊರಟುಹೋದ ಮೇಲೆ, ನೀರಿನ ನೆರಳಿನಷ್ಟೇ ಉಳಿದರೆ ಆಶ್ಚರ್ಯವಿಲ್ಲ. ಆದ್ದರಿಂದ ಈ ಬಗೆಯ ಚಿತ್ರಕ್ಕೆ ಅಪಾರದರ್ಶಕ ಗಾಜಿನ ಪುಡಿಯೇ ಒಳ್ಳೆಯದು. ಪಾರದರ್ಶಕವೇ ಬೇಕೆಂದಾದರೆ ಒಂದು ಪದರ ಹಾಕಿ ಸುಟ್ಟು, ಅದರ ಮೇಲೆ ಇನ್ನೊಂದು ಹಾಕಿ ಮತ್ತೆ ಸುಡುತ್ತ ಬಣ್ಣವನ್ನು ಹಂತಹಂತವಾಗಿ ಕಟ್ಟಿಕೊಳ್ಳಬೇಕಾಗುತ್ತದೆ.

ಇಲ್ಲಿ ದಪ್ಪವೇ ಛಾಯೆ. ಪೆನ್ಸಿಲ್ ಹಿಡಿದವರು ಒತ್ತಡದಿಂದ ಸಾಧಿಸುವ ಕಪ್ಪುಬಿಳುಪಿನ ಮೆಟ್ಟಿಲುಗಳನ್ನು ಈ ಕೆಲಸದಲ್ಲಿ ಪುಡಿಯ ಪದರದ ಏರುತಗ್ಗುಗಳಿಂದ ಸಾಧಿಸಬೇಕು. ಇದು ಹೊಸ ಸಂಗತಿಯೇನಲ್ಲ. ಹದಿನಾರನೆಯ ಶತಮಾನದಲ್ಲಿ ಫ್ರಾನ್ಸಿನ ಲಿಮೋಜ್ ಪಟ್ಟಣದಲ್ಲಿ ಪಿಯೇರ್ ರೇಮೋನ್ ಮೊದಲಾದ ಎನಾಮೆಲ್ (ಲೋಹದ ಮೇಲೆ ಗಾಜಿನ ಪುಡಿಯನ್ನು ಕರಗಿಸಿ ಬೆಸೆಯುವ) ಕಲಾವಿದರು ತಾಮ್ರದ ತಟ್ಟೆಗೆ ಮೊದಲು ಕಪ್ಪು ಎನಾಮೆಲ್ ಕೊಟ್ಟು ಸುಟ್ಟು, ಅದರ ಮೇಲೆ ನುಣ್ಣಗೆ ಅರೆದ ಬಿಳಿ ಗಾಜಿನ ಪುಡಿಯನ್ನು ತೆಳುವಾಗಿ ಬಳಿದು, ಒಣಗಿದ ಮೇಲೆ ಸೂಜಿಯಿಂದ ಕೆರೆದು ಅಡಿಯ ಕಪ್ಪನ್ನು ಗೆರೆಯಾಗಿ ಹೊರತೆಗೆಯುತ್ತಿದ್ದರು. ಬಿಳಿ ದಪ್ಪಗಿದ್ದಲ್ಲಿ ಮೈಯ ಬೆಳಕು, ತೆಳ್ಳಗಿದ್ದಲ್ಲಿ ಬೂದುಬಣ್ಣದ ನೆರಳು. ಹಾಗೆ ಮತ್ತೆ ಮತ್ತೆ ಸುಟ್ಟು ಒಂದು ಮುಖವನ್ನು ಮೂಡಿಸುತ್ತಿದ್ದರು. ತಾಮ್ರದ ಬದಲು ಗಾಜಿನ ಹಾಳೆ ಬಂದಿದೆ, ಕಪ್ಪುಬಿಳುಪು ಅದಲುಬದಲಾಗಿದೆ ಎಂಬುದನ್ನು ಬಿಟ್ಟರೆ ನಿಮ್ಮ ಕಾರ್ಯಾಗಾರದ ಪಾಠವೂ ಅದೇ.

“ತೆಗೆಯುವುದು” ಎಂದರೆ ಇಷ್ಟು. ಚಿತ್ರದಲ್ಲಿ ಕತ್ತಲು ಬೇಕಾದ ಇಡೀ ಜಾಗಕ್ಕೆ ಮೊದಲು ಸಣ್ಣ ಜರಡಿಯಿಂದ, ಒಂದು ಗೇಣಿಗೆ ಕಡಿಮೆಯಿಲ್ಲದ ಎತ್ತರದಿಂದ, ಬೆರಳಿನಿಂದ ಮೆಲ್ಲಗೆ ತಟ್ಟುತ್ತ ಕಪ್ಪು ಪುಡಿಯನ್ನು ಸಮನಾಗಿ ಉದುರಿಸಿ. ಜರಡಿ ಹಾಳೆಗೆ ಹತ್ತಿರವಾದಷ್ಟೂ ಪುಡಿ ಗುಪ್ಪೆಯಾಗಿ ಬೀಳುತ್ತದೆ. ಬಳಿಕ ಬಿರುಸಾದ ಕುಂಚ, ರಬ್ಬರ್ ತುದಿಯ ಕಡ್ಡಿ, ಮಡಿಸಿದ ದಪ್ಪ ಕಾಗದದ ಅಂಚು, ಯಾವುದು ಕೈಗೆ ಒಗ್ಗುತ್ತದೋ ಅದರಿಂದ ಬೆಳಕಿನ ಭಾಗಗಳನ್ನು ಸರಿಸುತ್ತ ಹೋಗಿ. ತೀರ ಸಣ್ಣ ಗೆರೆ ಬೇಕಾದಾಗ ಕಪ್ಪಿನಲ್ಲಿ ಬಿಳಿಯನ್ನು ಕೆರೆದು ತೆಗೆಯುವುದು ಸುಲಭ, ಬಿಳಿಯ ಮೇಲೆ ಕಪ್ಪನ್ನು ಇಡುವುದು ಕಷ್ಟ. ರಂಗೋಲಿಯ ಎಳೆಯಂತೆ ಬೆರಳಿನಿಂದ ಬಿಟ್ಟ ಗೆರೆಗೆ ನಡುವೆ ದಿಬ್ಬ ಮತ್ತು ಇಕ್ಕೆಲಗಳಲ್ಲಿ ಇಳಿಜಾರು ಇರುತ್ತದೆ. ಅದು ಕರಗಿದಾಗ ಅಕ್ಕಪಕ್ಕಕ್ಕೆ ಹರಡದೆ ಇರಲಾರದು. ನಿಮ್ಮ ಕೈಯ ನೇರ, ತೋಳಿನಿಂದ ವಕ್ರರೇಖೆ ಎಳೆಯುವ ಅಭ್ಯಾಸ ಇವೆಲ್ಲ ಇಲ್ಲಿಯೂ ಉಪಯೋಗಕ್ಕೆ ಬರುತ್ತವೆ. ಚಿಟಿಕೆಯಿಂದ ಪುಡಿ ಬಿಡುವ ರೂಢಿಯನ್ನು ಮಾತ್ರ ಸದ್ಯಕ್ಕೆ ಬದಿಗಿಡಬೇಕು.

ಬಿಳಿ ಭಾಗದ ಚುಕ್ಕೆಗಳಿಗೆ ಕಾರಣ, ಉಳಿದುಹೋದ ಒಂಟಿ ಕಣಗಳು. ಕುಲುಮೆಗೆ ಇಡುವ ಮೊದಲು ಒದ್ದೆಯಾಗದ ಸ್ವಚ್ಛ ಕುಂಚದಿಂದ ಬಿಳಿಯನ್ನು ಎಷ್ಟು ತಾಳ್ಮೆಯಿಂದ ಗುಡಿಸುತ್ತೀರೋ ಚಿತ್ರ ಅಷ್ಟು ನಿಚ್ಚಳವಾಗುತ್ತದೆ. ಊದಿ ಹಾರಿಸುವುದು ಬೇಡವೇ ಬೇಡ. ಕಾರಣವನ್ನು ಮೂರನೆಯ ಪ್ರಶ್ನೆಯಲ್ಲಿ ಹೇಳಿದ್ದೇನೆ.

ಗೆರೆ ಕೆಡುವುದಕ್ಕೆ ಇನ್ನೊಂದು ಕಾರಣವಿದೆ, ಹೊಸಬರಿಗೆ ಅದು ಸುಲಭವಾಗಿ ಹೊಳೆಯುವುದಿಲ್ಲ. ಪೂರ್ತಿ ಕರಗಿದ ಗಾಜು ಮೇಲ್ಮೈ ಸೆಳೆತದಿಂದ ಸುಮಾರು 6 ಮಿಲಿಮೀಟರ್ ದಪ್ಪಕ್ಕೆ ಬರಲು ಯತ್ನಿಸುತ್ತದೆ. 3 ಮಿಲಿಮೀಟರಿನ ಒಂಟಿ ಹಾಳೆಯನ್ನು ಪೂರ್ಣ ಬೆಸುಗೆಯ ಶಾಖಕ್ಕೆ, ಎಂದರೆ ಸುಮಾರು 800 ಡಿಗ್ರಿ ಸೆಲ್ಸಿಯಸ್‌ಗೆ ಒಯ್ದರೆ ಅದರ ಅಂಚುಗಳು ಒಳಕ್ಕೆ ಸರಿದು, ಅಂಚಿನ ಬಳಿಯ ಚಿತ್ರವನ್ನೂ ಜೊತೆಗೆ ಎಳೆದುಕೊಳ್ಳುತ್ತವೆ. ಅಡಿಯಲ್ಲಿ ಅಷ್ಟೇ ದಪ್ಪದ ಇನ್ನೊಂದು ಹಾಳೆ ಇಡುವುದು ಒಂದು ಉಪಾಯ. ಪುಡಿ ಅಂಟಿಕೊಳ್ಳುವಷ್ಟೇ, ಸುಮಾರು 700 ಡಿಗ್ರಿಯ ಆಸುಪಾಸಿನಲ್ಲಿ ಸುಟ್ಟು, ಪದರಗಳೆಲ್ಲ ಮುಗಿದ ಮೇಲೆ ಒಮ್ಮೆ ಮಾತ್ರ ಹೆಚ್ಚಿನ ಶಾಖ ಕೊಡುವುದು ಇನ್ನೊಂದು. ಎರಡನ್ನೂ ಸೇರಿಸಿ ಮಾಡುವುದು ನನಗೆ ಸರಿಕಾಣುತ್ತದೆ. ಮುಂದಿನ ಚಿತ್ರಕ್ಕಿಂತ ಮೊದಲು ಒಂದು ಗಾಜಿನ ಪಟ್ಟಿಯ ಮೇಲೆ ಜರಡಿಯನ್ನು ಒಂದು ಸಲ, ಎರಡು ಸಲ, ಮೂರು ಸಲ ಆಡಿಸಿದ ಮನೆಗಳನ್ನು ಮಾಡಿ ಸುಟ್ಟು ಹತ್ತಿರ ಇಟ್ಟುಕೊಳ್ಳಿ. ಯಾವ ಪದರ ಯಾವ ಛಾಯೆಯಾಗುತ್ತದೆ ಎಂಬುದನ್ನು ಪಾಠಕ್ಕಿಂತ ಚೆನ್ನಾಗಿ ಆ ಪಟ್ಟಿ ತಿಳಿಸುತ್ತದೆ.

ಪ್ರಶ್ನೆ: ಈ ಪುಡಿಯನ್ನು ತರಿಸುವುದು ದುಬಾರಿ. ಒಡೆದ ಬಳೆ, ಬಾಟಲಿ, ಕಿಟಕಿ ಗಾಜುಗಳನ್ನು ಮನೆಯಲ್ಲೇ ಪುಡಿಮಾಡಿ ಬಳಸಬಹುದೇ?
– ಓದುಗರೊಬ್ಬರು, ಮೈಸೂರು

ಉತ್ತರ: ಬೆರೆಸಿ ಬಳಸುವ ಹಾಗಿಲ್ಲ. ಒಂದೊಂದು ಗಾಜೂ ಕಾದಾಗ ಹಿಗ್ಗುವ, ತಣಿದಾಗ ಕುಗ್ಗುವ ಪ್ರಮಾಣ ಬೇರೆ. ಫ್ಯೂಸಿಂಗ್ ಗಾಜಿನಲ್ಲಿ 90 ಮತ್ತು 96 ಎಂಬ ಎರಡು ವರ್ಗಗಳು ಬಳಕೆಯಲ್ಲಿವೆ. ಒಂದು ಡಿಗ್ರಿ ಶಾಖಕ್ಕೆ ಗಾಜು ತನ್ನ ಉದ್ದದ ಕೋಟಿಯಲ್ಲಿ ಎಷ್ಟು ಪಾಲು ಹಿಗ್ಗುತ್ತದೆ ಎಂಬುದು ಆ ಅಂಕಿಯ ಅರ್ಥ. 30 ಸೆಂಟಿಮೀಟರಿನ ತಟ್ಟೆ 500 ಡಿಗ್ರಿಯಷ್ಟು ತಣಿಯುವಾಗ ಮೊದಲನೆಯದು ಸುಮಾರು 1.35, ಎರಡನೆಯದು ಸುಮಾರು 1.44 ಮಿಲಿಮೀಟರ್ ಕುಗ್ಗುತ್ತದೆ. ವ್ಯತ್ಯಾಸ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆ. ಆದರೂ ಬೆಸೆದುಕೊಂಡ ಎರಡು ಗಾಜುಗಳನ್ನು ಸೀಳಲು ಅಷ್ಟು ಸಾಕು. ಬಿರುಕು ಕೂಡಲೇ ಕಾಣದೆ ಎಷ್ಟೋ ದಿನಗಳ ಮೇಲೆ ಕಾಣಿಸಿಕೊಳ್ಳುವುದೂ ಉಂಟು. ಅಂಕಿ ಒಂದೇ ಆದರೂ ಹೊಂದಾಣಿಕೆ ಖಚಿತವಲ್ಲ, ಏಕೆಂದರೆ ಗಾಜು ಮೆತ್ತಗಾಗುವ ಬಗೆಯೂ ಲೆಕ್ಕಕ್ಕೆ ಬರುತ್ತದೆ. 1974ರಲ್ಲಿ ಪೋರ್ಟ್‌ಲ್ಯಾಂಡಿನಲ್ಲಿ ಆರಂಭವಾದ ಬುಲ್ಸ್‌ಐ ಗ್ಲಾಸ್ ಕಂಪನಿಯಂತಹ ತಯಾರಕರು ತಮ್ಮ ಗಾಜುಗಳನ್ನು ಪರಸ್ಪರ ಬೆಸೆದು ಪರೀಕ್ಷಿಸಿಯೇ ಮಾರುವುದು ಇದಕ್ಕಾಗಿ. ನೀವು ಕೊಡುವ ಬೆಲೆಯಲ್ಲಿ ಆ ಪರೀಕ್ಷೆಯೂ ಸೇರಿದೆ.

ಕಡಿಮೆ ಖರ್ಚಿನ ದಾರಿ ಒಂದಿದೆ. ಒಂದೇ ಕಿಟಕಿ ಗಾಜಿನಿಂದ ಹಾಳೆಯನ್ನೂ ಕತ್ತರಿಸಿ, ಅದರ ಚೂರಿನಿಂದಲೇ ಪುಡಿಯನ್ನೂ ಮಾಡಿಕೊಂಡರೆ ಹೊಂದಾಣಿಕೆಯ ತೊಡಕಿಲ್ಲ. ಬಣ್ಣವಿಲ್ಲದ ಆ ಪುಡಿ ಪೂರ್ತಿ ಕರಗದಂತೆ ಸುಟ್ಟಾಗ ಮಂಜಿನಂತಹ ಬಿಳುಪು ಉಳಿಯುತ್ತದೆ; ಚಿತ್ರ ಕಲಿಯಲು ಅದು ಸಾಕು. ಕಿಟಕಿ ಗಾಜನ್ನು ಸುಮಾರು 550 ಡಿಗ್ರಿಯಲ್ಲಿ ಕೆಲಕಾಲ ನಿಲ್ಲಿಸಿ ನಿಧಾನವಾಗಿ ತಣಿಸಬೇಕು. ಕುಟ್ಟಲು ಕಬ್ಬಿಣದ ಹಾರೆ ಬಳಸಿದರೆ ಪುಡಿಯ ಮೇಲೆ ಅಯಸ್ಕಾಂತ ಆಡಿಸಿ ಲೋಹದ ಚೂರುಗಳನ್ನು ತೆಗೆಯಿರಿ, ಇಲ್ಲವಾದರೆ ಅವು ಕಲೆಗಳಾಗಿ ನಿಲ್ಲುತ್ತವೆ. ಅಡುಗೆಮನೆಯ ಮಿಕ್ಸಿಯನ್ನು ಮುಟ್ಟಲೇಬೇಡಿ.

ಪ್ರಶ್ನೆ: ಗಾಜಿನ ಪುಡಿಯ ಧೂಳು ಕಲ್ಲುಗಣಿಯ ಧೂಳಿನಂತೆ ಶ್ವಾಸಕೋಶಕ್ಕೆ ಅಪಾಯಕಾರಿಯೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಎರಡೂ ಒಂದೇ ಅಲ್ಲ. ಗಣಿ ಕಾರ್ಮಿಕರನ್ನು ಕಾಡುವ ಸಿಲಿಕೋಸಿಸ್‌ಗೆ ಕಾರಣ ಹರಳುರೂಪದ ಸಿಲಿಕ. ಗಾಜಿನಲ್ಲಿರುವ ಸಿಲಿಕ ಹರಳುಗಟ್ಟಿರುವುದಿಲ್ಲ. ಹಾಗೆಂದು ಉಸಿರಿನೊಡನೆ ಎಳೆದುಕೊಳ್ಳುವ ವಸ್ತು ಅದಲ್ಲ. ನುಣ್ಣನೆಯ ಕಣಗಳು ಉಸಿರಿನ ದಾರಿಯನ್ನು ಕೆರಳಿಸುತ್ತವೆ, ಕೆಲವು ಕೆಂಪು, ಹಳದಿ ಗಾಜುಗಳಲ್ಲಿ ಕ್ಯಾಡ್ಮಿಯಂ ಕೂಡ ಇರುತ್ತದೆ. ಕುಲುಮೆಯ ತಟ್ಟೆಗೆ ಗಾಜು ಅಂಟದಂತೆ ಬಳಿಯುವ ಲೇಪದ ಪುಡಿಯನ್ನೂ ಹಾಸುವ ಕಾಗದ ಸುಟ್ಟುಳಿದ ಬೂದಿಯನ್ನೂ ಕೆರೆದು ತೆಗೆಯುವಾಗ ಇನ್ನೂ ಹೆಚ್ಚಿನ ಎಚ್ಚರ ಬೇಕು, ಕಲಿಯುವವರು ಇದನ್ನೇ ಮರೆಯುತ್ತಾರೆ. ಬಟ್ಟೆಯ ಮುಖಗವಸು ಸಾಲದು. ಮುಖಕ್ಕೆ ಸರಿಯಾಗಿ ಕೂರುವ ಎನ್‌95 ಅಥವಾ ಅದಕ್ಕಿಂತ ಉತ್ತಮವಾದ ಮುಖಗವಸನ್ನು, ಜರಡಿ ಹಿಡಿಯುವ ಮೊದಲೇ ಹಾಕಿಕೊಳ್ಳಿ. ಕೆಲಸ ಮುಗಿದ ಮೇಲೆ ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆ ಒಣಗುವ ಮೊದಲೇ ತೊಳೆದುಬಿಡಿ. ಫ್ಯಾನ್ ಆರಿಸಿರಲಿ, ತಿಂಡಿ ಮತ್ತು ಕಾಫಿ ಬೇರೆ ಕೋಣೆಯಲ್ಲಿರಲಿ.