ಕುಟ್ಟದ ತೋಟದ ಮನೆಗೆ ಟಿ.ವಿ. ಹಾಕಿಸುವವರಿಗೆ

ಬೆಂಗಳೂರಿನಿಂದ ಬಂದು ಕೊಡಗಿನ ಕುಟ್ಟದ ಬಳಿ ತೋಟದ ಮನೆಯೊಂದನ್ನು ಬಾಡಿಗೆಗೆ ಹಿಡಿದಿರುವ ತಾವು, ಕೇಬಲ್‌ನವರ ಮೇಲೆ ದೂರು ಕೊಡುವುದಾದರೆ ರಾಜ್ಯ ಸರ್ಕಾರದ ಯಾವ ಇಲಾಖೆಗೆ ಹೋಗಬೇಕೆಂದೂ, ಗಡಿಯಾಚೆ ಕೇರಳದ ತೋಲ್ಪೆಟ್ಟಿಯಿಂದಲೇ ಸಂಪರ್ಕ ಎಳೆಸಿಕೊಂಡರೆ ಕಾನೂನಿನ ತೊಡಕುಂಟೇ ಎಂದೂ ಕೇಳಿದ್ದೀರಿ. ಮೊದಲನೆಯದಕ್ಕೆ ಉತ್ತರ ಚಿಕ್ಕದು: ಅಂಥ ಇಲಾಖೆಯೇ ಇಲ್ಲ.

ಪ್ರಸಾರವು ಸಂವಿಧಾನದ ಕೇಂದ್ರ ಪಟ್ಟಿಯ 31ನೆಯ ನಮೂದಿನಲ್ಲಿ ಅಂಚೆ, ತಂತಿ, ದೂರವಾಣಿಗಳ ಜೊತೆಗೇ ಸೇರಿರುವುದರಿಂದ ವಿಧಾನಸೌಧಕ್ಕೆ ಇದರಲ್ಲಿ ಹೆಚ್ಚಿನ ಮಾತಿಲ್ಲ. ಕೇಬಲ್‌ಗೆ 1995ರ ಕೇಂದ್ರ ಕಾಯ್ದೆ, ಉಪಗ್ರಹದಿಂದ ನೇರವಾಗಿ ಮನೆಗೆ ಬರುವ ಡಿಟಿಎಚ್‌ಗೆ 2001ರ ಮಾರ್ಗಸೂಚಿಯ ಪ್ರಕಾರ ದೆಹಲಿಯ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಕೊಡುವ ಪರವಾನಗಿ, ದರ ಮತ್ತು ಸೇವೆಯ ಗುಣಮಟ್ಟಕ್ಕೆ 2004ರಿಂದ ಟ್ರಾಯ್, ಅಂದರೆ ಕೇಂದ್ರದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ. ಊರಿನ ಕೇಬಲ್ ಆಪರೇಟರ್ ತೀರಾ ಈಚಿನವರೆಗೆ ನೋಂದಣಿ ಮಾಡಿಸಿಕೊಳ್ಳುತ್ತಿದ್ದುದು ಪ್ರಧಾನ ಅಂಚೆ ಕಚೇರಿಯಲ್ಲಿ ಎಂದರೆ ಹೊರಗಿನವರು ನಗುತ್ತಾರೆ. 2025ರ ಜನವರಿಯಿಂದ ಅದು ಆನ್‌ಲೈನ್ ಆಗಿ, 5,000 ರೂಪಾಯಿ ಶುಲ್ಕಕ್ಕೆ ಐದು ವರ್ಷದ ನೋಂದಣಿ ಸಿಗುತ್ತಿದೆ. ಜಿಲ್ಲೆಯ ಮಟ್ಟದಲ್ಲಿ ಕಾಯ್ದೆಯ ಕೈ ಎಂದರೆ ಜಿಲ್ಲಾ ದಂಡಾಧಿಕಾರಿ ಮತ್ತು ಉಪವಿಭಾಗ ದಂಡಾಧಿಕಾರಿ, ಅಂದರೆ ನಮ್ಮ ಡಿ.ಸಿ. ಮತ್ತು ಎ.ಸಿ. ಕಾರ್ಯಕ್ರಮ ಸಂಹಿತೆಯನ್ನು ಮುರಿದರೆ ಪ್ರಸಾರ ನಿಲ್ಲಿಸುವ ಅಧಿಕಾರ ಅವರಿಗಿದೆ. ನಿಮ್ಮ ಮನೆಯಲ್ಲಿ ಚಿತ್ರ ಮಸುಕಾಗಿ ಬರುತ್ತಿದೆ ಎಂಬುದು ಅವರ ಮೇಜಿಗೆ ಹೋಗುವ ಸಂಗತಿಯಲ್ಲ. ರಾಜ್ಯದ ಕೈಯಲ್ಲಿ ಉಳಿದಿದ್ದ ಮನರಂಜನಾ ತೆರಿಗೆಯೂ 2017ರ ಜುಲೈನಲ್ಲಿ ಜಿಎಸ್‌ಟಿಯೊಳಗೆ ಸೇರಿತು. ತಮಿಳುನಾಡು 2007ರಲ್ಲಿ ಸರ್ಕಾರಿ ಕೇಬಲ್ ನಿಗಮವನ್ನೇ ಕಟ್ಟಿತೆಂಬುದು ನಿಜ, ಆದರೆ ಸರ್ಕಾರಗಳು ಈ ವ್ಯವಹಾರದಿಂದ ಹೊರಬರಬೇಕೆಂದು ಕೇಂದ್ರವು 2022ರ ಅಕ್ಟೋಬರ್‌ನಲ್ಲಿ ಸೂಚಿಸಿದೆ.

ಎರಡನೆಯ ಪ್ರಶ್ನೆಗೆ ಬರುತ್ತೇನೆ. ಸಿಗ್ನಲ್ ಒದಗಿಸುವ ದೊಡ್ಡ ಸಂಸ್ಥೆಗಳ ನೋಂದಣಿ ದೆಹಲಿಯದಾದ್ದರಿಂದ ಅದಕ್ಕೆ ರಾಜ್ಯದ ಗಡಿ ಅಡ್ಡಿಯಲ್ಲ, ಅಡ್ಡಿಯಾಗುವುದು ತಂತಿ. ತಂತಿ ಬರಬೇಕಾದದ್ದು ಕಂಬದಿಂದ ಕಂಬಕ್ಕೆ, ಮರದಿಂದ ಮರಕ್ಕೆ, ಒಂದು ಮನೆಗೂ ಇನ್ನೊಂದಕ್ಕೂ ಅರ್ಧ ಮೈಲಿ ಕಾಫಿ ಗಿಡಗಳಿರುವ ಜಾಗದಲ್ಲಿ. ಹೀಗಾಗಿ ಹತ್ತಿರದಲ್ಲಿ ಯಾರ ಲೈನ್ ಇದೆಯೋ ಅವರೇ ನಿಮ್ಮ ಆಪರೇಟರ್. ಮಲಯಾಳಂ ವಾಹಿನಿಗಳು ಬೇಕಾದರೆ ಅದಕ್ಕಾಗಿ ಗಡಿ ದಾಟಬೇಕಾಗಿಲ್ಲ, ಇಲ್ಲಿನವರೇ ಕೊಡುತ್ತಾರೆ. ತೊಂದರೆ ಬೆಲೆಯದು. 2019ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಟ್ರಾಯ್ ಪದ್ಧತಿಯಲ್ಲಿ ನೂರು ವಾಹಿನಿಗಳ ಸಂಪರ್ಕಕ್ಕೆ ಗರಿಷ್ಠ 130 ರೂಪಾಯಿ ಮತ್ತು ತೆರಿಗೆ, ಅದರ ಮೇಲೆ ನೋಡುವ ವಾಹಿನಿಗೆ ಮಾತ್ರ ಬೆಲೆ ಎಂದಾಯಿತು. ಕೇಳಲು ನ್ಯಾಯವಾಗಿಯೇ ಇದೆ. ಆದರೆ ವಾಹಿನಿಯವರು ಪ್ಯಾಕ್ ಕಟ್ಟುವುದು ಒಂದೊಂದು ಭಾಷೆಯ ಮಾರುಕಟ್ಟೆಯನ್ನು ನೋಡಿ. ಅಜ್ಜಿ ಮಲಯಾಳಂ ಧಾರಾವಾಹಿಯನ್ನೂ ಸೊಸೆ ಕನ್ನಡದ್ದನ್ನೂ ನೋಡುವ ಕುಟ್ಟದ ಮನೆ ಅವರ ಲೆಕ್ಕಕ್ಕೆ ಬಂದಿಲ್ಲ. ಅಂಥ ಮನೆಯವರು ಎರಡು ಪ್ಯಾಕ್‌ಗೆ ದುಡ್ಡು ಕೊಡುತ್ತಾರೆ. 2024ರ ಜುಲೈನಲ್ಲಿ ಆ ಸಂಪರ್ಕ ಶುಲ್ಕದ ಮಿತಿಯನ್ನೂ ತೆಗೆದುಹಾಕಿದ್ದಾರೆ.

ಹಾಗಿದ್ದರೆ ಡಿಟಿಎಚ್ ಒಳ್ಳೆಯದಲ್ಲವೇ ಎಂದು ಕೇಳುತ್ತೀರಿ. ಇಲ್ಲಿಂದ ಅದರ ಕೊಡೆ, ಅಂದರೆ ಡಿಶ್ ಆಂಟೆನಾ, ಮುಖ ಮಾಡಬೇಕಾದದ್ದು ಆಗ್ನೇಯಕ್ಕೆ, ಮತ್ತು ಯಾವ ತೋಟದಲ್ಲಿಯೂ ಆ ದಿಕ್ಕಿನಲ್ಲಿ ಒಂದು ಸಿಲ್ವರ್ ಓಕ್ ಇದ್ದೇ ಇರುತ್ತದೆ. ಜುಲೈ-ಆಗಸ್ಟ್‌ನ ಕಕ್ಕಡ ತಿಂಗಳ ಮಳೆ ದಪ್ಪವಾಗಿ ಹೊಯ್ಯುವಾಗ ಸಿಗ್ನಲ್ ಹೋಗುತ್ತದೆ, ಮಳೆ ಬಿಟ್ಟೊಡನೆ ಬರುತ್ತದೆ. ಕೇಬಲ್ ಹಾಗಲ್ಲ, ಹೋದರೆ ಹೋಯಿತು. ಕಳೆದ ಮಳೆಗಾಲದಲ್ಲಿ ನಮ್ಮ ಮನೆಯ ತಂತಿಯ ಮೇಲೆ ಹಲಸಿನ ಕೊಂಬೆಯೊಂದು ಬಿದ್ದು ಹನ್ನೊಂದು ದಿನ ಟಿ.ವಿ. ಇರಲಿಲ್ಲ, ತಿಂಗಳ ಕೊನೆಗೆ ಕೇಬಲ್‌ನ ಹುಡುಗ ಪೂರ್ತಿ ಹಣಕ್ಕೇ ಚೀಟಿ ಹಿಡಿದು ಬಂದ. ತೋಟದ ಸಾಲುಮನೆಗಳ ಕಾರ್ಮಿಕರು ಈ ಜಂಜಾಟವೇ ಬೇಡವೆಂದು ತಿಂಗಳ ಬಾಡಿಗೆಯಿಲ್ಲದ ಡಿಡಿ ಫ್ರೀ ಡಿಶ್ ಹಾಕಿಕೊಂಡಿದ್ದಾರೆ.

ಇಷ್ಟಾದರೂ ನಾನು ಕೇಬಲ್ ಬಿಟ್ಟಿಲ್ಲ. ಕೊಡವ ತಕ್ಕ್‌ನ, ಅಂದರೆ ಕೊಡವ ಭಾಷೆಯ, ಕಾರ್ಯಕ್ರಮ, ಕೌಟುಂಬಿಕ ಹಾಕಿಯ ಪಂದ್ಯ, ಯಾವ ಊರಿನಲ್ಲಿ ಆನೆ ಬಂದಿದೆ ಎಂಬ ಸುದ್ದಿ, ಇವು ಸಿಗುವುದು ಸ್ಥಳೀಯ ಕೇಬಲ್ ವಾಹಿನಿಯಲ್ಲಿ. ಡಿಟಿಎಚ್ ಪಟ್ಟಿಯನ್ನು ಉದ್ದಕ್ಕೂ ಹುಡುಕಿದ ನನಗೆ ಅಲ್ಲಿ ಸಿಗಲಿಲ್ಲ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಕಡೆ ಗುಡ್ಡ ಜರಿದಾಗ ಕರೆಂಟ್ ಇದ್ದಷ್ಟು ಹೊತ್ತು ನಾವು ನೋಡಿದ್ದು ಅದನ್ನೇ. ಇಂಥ ವಾಹಿನಿಗಳಿಗೆ ಸ್ಪಷ್ಟ ನಿಯಮ ಬಂದದ್ದು 2022ರ ನವೆಂಬರ್‌ನಲ್ಲಿ: ವಾಹಿನಿಯೊಂದಕ್ಕೆ 1,000 ರೂಪಾಯಿಯ ನೋಂದಣಿ, ಪ್ರಸಾರವಾದದ್ದರ ಮುದ್ರಿಕೆಯನ್ನು 90 ದಿನ ಇಟ್ಟುಕೊಳ್ಳುವುದು, ಸ್ಥಳೀಯ ಸುದ್ದಿ ಕೊಡಬೇಕಾದರೆ ಕಂಪನಿಯಾಗಿ ನೋಂದಾಯಿಸಿಕೊಂಡಿರುವುದು. ಶುಲ್ಕ ಹೊರೆಯಲ್ಲ. ಎರಡು ಕ್ಯಾಮೆರಾ, ಮೂರು ಜನರಿಂದ ನಡೆಯುವ ಊರಿನ ವಾಹಿನಿಗೆ ಕಂಪನಿಯ ಲೆಕ್ಕಪತ್ರವೇ ಭಾರವೆಂದು ನನಗೆ ತೋರುತ್ತದೆ.

ಇನ್ನು ದೂರಿನ ವಿಷಯ. ಟ್ರಾಯ್ ಒಬ್ಬೊಬ್ಬ ಗ್ರಾಹಕರ ದೂರನ್ನು ತಾನೇ ವಿಚಾರಿಸುವುದಿಲ್ಲ. ಮೊದಲು ಸಂಸ್ಥೆಯ ಗ್ರಾಹಕ ಸೇವೆಗೆ ಕರೆಮಾಡಿ ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ನಂತರ ಅವರ ನೋಡಲ್ ಅಧಿಕಾರಿಗೆ ಬರೆಯಿರಿ, ಅದಕ್ಕೂ ಬಗ್ಗದಿದ್ದರೆ ಮಡಿಕೇರಿಯ ಜಿಲ್ಲಾ ಗ್ರಾಹಕರ ಆಯೋಗವಿದೆ. ನಾನು ಅಷ್ಟು ದೂರ ಹೋಗಲಿಲ್ಲ. ದೂರಿನ ಸಂಖ್ಯೆ ತೋರಿಸಿದ ಮೇಲೆ ಆಪರೇಟರ್ ಮುಂದಿನ ತಿಂಗಳ ಅರ್ಧ ಹಣ ಬಿಟ್ಟರು. ತಾವು ಕೊಡೆ ಹಾಕಿಸುವುದಾದರೆ ಮರ ಕಪಾತು ಮಾಡುವವರು, ಅಂದರೆ ಕೊಂಬೆ ಸವರುವವರು, ತೋಟದಲ್ಲಿರುವಾಗಲೇ ಆಗ್ನೇಯದ ಮರವನ್ನು ತೋರಿಸಿಬಿಡಿ.